ಪಕ್ಕದ ರೂಮು

ಮೊದಲು ಕೆಟ್ಟದ್ದು ಕೈ.

ನಾನು ಸೀರೆಗೆ ಕುಚ್ಚು ಕಟ್ಟುವವಳು. ಸಿದ್ಧಾರ್ಥನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಸೆರಗಿನ ಅಂಚಿನ ಎಳೆಗಳನ್ನು ಬಿಡಿಸಿ, ಗೊಂಚಲು ಮಾಡಿ, ರೇಷ್ಮೆ ದಾರ ಸುತ್ತಿ, ಮಣಿ ಪೋಣಿಸಿ, ಗಂಟು ಹಾಕಬೇಕು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಯಾವುದೋ ಹುಡುಗಿಯ ಧಾರೆ ಸೀರೆ ತೊಡೆಯ ಮೇಲಿತ್ತು. ಸೂಜಿಗೆ ದಾರ ಹೋಗಲೇ ಇಲ್ಲ. ಎರಡೂ ಕೈ ಕುಣಿಯುತ್ತಿದ್ದವು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ, "ಷುಗರ್ ಇರಬೇಕು ಕಣೆ, ಟೆಸ್ಟ್ ಮಾಡ್ಸಣ" ಎಂದರು. ಹೂಂ ಎಂದೆ.

ಷುಗರ್ ಅಲ್ಲ ಎಂದು ನನಗೆ ಗೊತ್ತಿತ್ತು. ಅವರು ಸ್ಕೂಲಿಗೆ ಹೊರಟ ಮೇಲೆ ಅಡುಗೆಮನೆಯ ಮೇಲಿನ ಗೂಡಿನಿಂದ ದಶಮೂಲಾರಿಷ್ಟದ ಬಾಟಲಿ ಇಳಿಸಿದೆ. ನಾಲ್ಕು ಮುಚ್ಚಳ ಕುಡಿದೆ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಮಧ್ಯಾಹ್ನದೊಳಗೆ ಸೀರೆ ಮುಗಿಸಿದೆ, ಹುಡುಗಿಯ ತಾಯಿ ಬಂದು ಎಷ್ಟು ನೀಟಾಗಿದೆ ಎಂದು ಹೊಗಳಿಯೂ ಹೋದಳು.

ಬಾಟಲಿಯಲ್ಲಿದ್ದದ್ದು ಬ್ರಾಂದಿ.

ಇದು ಎಲ್ಲಿಂದ ಶುರುವಾಯಿತು ಎಂದು ಆಮೇಲೆ ಬಹಳ ಜನ ಕೇಳಿದರು. ದುಃಖದಿಂದಲೋ, ಗಂಡನ ಕಾಟದಿಂದಲೋ, ಸಹವಾಸದಿಂದಲೋ ಎಂದು. ಏನೂ ಇಲ್ಲ. ಬಾಣಂತನದಿಂದ. ನನ್ನ ಮಗಳು ದಿವ್ಯ ಹುಟ್ಟಿದಾಗ ನಮ್ಮವ್ವ ದಿನಾ ಸಂಜೆ ಒಂದು ಮುಚ್ಚಳ ಬ್ರಾಂದಿಯನ್ನು ಬಿಸಿನೀರಿಗೆ ಬೆರೆಸಿ ಕೊಡುತ್ತಿದ್ದಳು. "ಕುಡ್ಕ ಮಗಾ, ಥಂಡಿ ಹೊಡೀಬಾರ್ದು." ನಮ್ಮ ಕಡೆ ಎಷ್ಟೋ ಮನೆಯಲ್ಲಿ ಉಂಟು ಇದು. ಆ ಮೊದಲ ಬಾಟಲಿ ತಂದವರು ನನ್ನ ಗಂಡ ಕೆಂಪರಾಜು. ಖಾಸಗಿ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ವೈನ್ ಶಾಪಿನ ಮೆಟ್ಟಿಲು ಅವತ್ತಿನವರೆಗೆ ಹತ್ತಿದವರಲ್ಲ. ಬಾಟಲಿಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಬಂದು, ಅಂಗಡಿಯಲ್ಲಿ ತಾವು ಹೇಳಿದ್ದನ್ನು ನಗುತ್ತ ನಮ್ಮವ್ವನಿಗೆ ಒಪ್ಪಿಸಿದರು. "ನನಗಲ್ಲ ಕಣಣ್ಣ, ಮನೇಲಿ ಬಾಣಂತಿ ಅವ್ಳೆ ಅಂದ್ಬುಟ್ಟೆ ಅತ್ತೆ."

ನಲವತ್ತು ದಿನಕ್ಕೆ ಬಾಣಂತನ ಮುಗಿಯಿತು. ಮುಚ್ಚಳ ಮುಗಿಯಲಿಲ್ಲ. ತಿಂಗಳ ಹೊಟ್ಟೆನೋವಿಗೆ ಒಂದು ಮುಚ್ಚಳ, ಇಡೀ ದಿನ ಬಗ್ಗಿ ಕೂತ ಸೊಂಟಕ್ಕೆ ಒಂದು. ವರ್ಷಗಳು ಕಳೆದಂತೆ ಮುಚ್ಚಳ ಹೋಗಿ ಲೋಟ ಬಂತು. ದುಪಟ್ಟಾದಿಂದ ಮುಖ ಸುತ್ತಿಕೊಂಡು ಸ್ಕೂಟಿಯಲ್ಲಿ ಹೋಗಿ ನಾನೇ ತರುತ್ತಿದ್ದೆ, ಪ್ರತಿಸಲ ಬೇರೆ ಬಡಾವಣೆ. ಗಂಡ ಹೇಳಿದ ಅದೇ ಮಾತು ನನಗೂ ಸಾಕಾಯಿತು. "ನನಗಲ್ಲಣ್ಣ, ಮನೆಯಲ್ಲಿ ಬಾಣಂತಿ." ಮೈಸೂರಿನ ಅಷ್ಟೂ ವೈನ್ ಶಾಪಿನವರ ಪಾಲಿಗೆ ನಮ್ಮ ಮನೆಯಲ್ಲಿ ವರ್ಷಪೂರ್ತಿ ಹೆರಿಗೆ.

ಥೂ, ನಗಬೇಕೋ ಅಳಬೇಕೋ ಈಗಲೂ ಗೊತ್ತಾಗುವುದಿಲ್ಲ.

ಕಣ್ಣು ಹಳದಿಯಾದಾಗ ನಾವು ತೋರಿಸುತ್ತಿದ್ದ ಡಾಕ್ಟರು ಜಾಂಡೀಸ್ ಎಂದರು. ಔಷಧಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದರು, ನನ್ನನ್ನಲ್ಲ, ನನ್ನ ಗಂಡನನ್ನು. "ನೀವೇನಾದ್ರೂ ಡ್ರಿಂಕ್ಸ್ ತಗೋತೀರಾ ಮೇಷ್ಟ್ರೇ? ಮನೆ ವಾತಾವರಣ ನೆಮ್ಮದಿಯಾಗಿರಬೇಕು." ಅವರು ಗಾಬರಿಯಿಂದ ಇಲ್ಲ ಸಾರ್ ಎಂದರು. ನಾನು ಪಕ್ಕದಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನನ್ನನ್ನು ಆ ಪ್ರಶ್ನೆ ಕೇಳಬಹುದೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಅವತ್ತು ಬಚಾವಾದೆ ಅಂದುಕೊಂಡೆ.

ಆಮೇಲೆ ತಂಗಿಯ ಮನೆಯ ಗೃಹಪ್ರವೇಶ ಬಂತು. ಮೂರು ದಿನ ಅಲ್ಲೇ ಇರಬೇಕು. ಅರಿಷ್ಟದ ಬಾಟಲಿ ಬ್ಯಾಗಿನಲ್ಲಿ ಒಡೆದುಹೋಗಿತ್ತು. ಮೊದಲ ದಿನ ಬೆವರು. ಎರಡನೆಯ ದಿನ ನಿದ್ದೆಯಿಲ್ಲ, ವಾಂತಿ. ಮೂರನೆಯ ಬೆಳಿಗ್ಗೆ ಹೊಸ ಮನೆಯ ಹೊಸಿಲಿಗೆ ರಂಗೋಲಿ ಬಿಡುತ್ತಿದ್ದೆ. ಚುಕ್ಕಿ ಇಟ್ಟದ್ದು ನೆನಪಿದೆ.

ಬಿದ್ದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಆಸ್ಪತ್ರೆ. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತದ ರುಚಿ. ಫಿಟ್ಸ್ ಬಂದಿತ್ತಂತೆ. ಸ್ಕ್ಯಾನ್ ನಾರ್ಮಲ್ ಬಂದಿತ್ತು, ಲಿವರ್ ಟೆಸ್ಟ್ ನಾರ್ಮಲ್ ಇರಲಿಲ್ಲ. ಎಳೆಯ ವಯಸ್ಸಿನ ಲೇಡಿ ಡಾಕ್ಟರೊಬ್ಬರು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಕಣ್ಣನ್ನೇ ನೋಡಿ ಕೇಳಿದರು. "ದಿನಕ್ಕೆ ಎಷ್ಟು ಕುಡೀತೀರಮ್ಮ?"

ಕುಡೀತೀರಾ ಎಂದಲ್ಲ. ಎಷ್ಟು ಎಂದು.

"ಛೆ ಛೆ, ಇಲ್ಲ ಮೇಡಂ, ನಮ್ಮನೇಲಿ ಯಾರೂ ಮುಟ್ಟಲ್ಲ" ಎಂದರು ನನ್ನ ಗಂಡ, ನಗುತ್ತ. "ಎರಡು ಕ್ವಾರ್ಟರ್" ಎಂದೆ ನಾನು. ಅವರ ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯಲು ಮರೆತವರ ಹಾಗೆ. ಕಾಲ ಬಳಿ ನಿಂತಿದ್ದ ದಿವ್ಯ ಮಾತ್ರ ತಲೆ ತಗ್ಗಿಸಿದಳು. "ನಂಗೆ ಪಿಯುಸಿಯಿಂದ ಗೊತ್ತಿತ್ತು ಅಪ್ಪ" ಎಂದಳು. ಈಗ ಅವಳಿಗೆ ಇಪ್ಪತ್ತಮೂರು. ಆರು ವರ್ಷ ಆ ಮಗು ನನ್ನ ಬಾಯಿಯ ವಾಸನೆಗೆ ಏಲಕ್ಕಿ ತಂದಿಟ್ಟುಕೊಂಡು ಸುಮ್ಮನಿತ್ತು.

ವಾರ್ಡಿನಲ್ಲಿ ಎಂಟು ದಿನ ಇದ್ದೆ. ಕುಡಿತ ನಿಂತ ಮೈಗೆ ಏನೇನೋ ಕಾಣುತ್ತದೆ. ನನಗೆ ಹಾವು ಚೇಳು ಕಾಣಲಿಲ್ಲ, ಫ್ಯಾನಿನಿಂದ ರೇಷ್ಮೆ ದಾರ ಇಳಿಬಿದ್ದದ್ದು ಕಂಡಿತು. ಗಾಳಿಯಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದೆನಂತೆ. "ಹಿಡ್ಕಳಿ, ಸಿಕ್ಕಾಗ್ತದೆ" ಎಂದು ಗಂಡನನ್ನು ಬೈಯುತ್ತಿದ್ದೆನಂತೆ. ಅವರು ಎದುರಿಗೆ ಕೂತು, ಇಲ್ಲದ ದಾರದ ಇನ್ನೊಂದು ತುದಿಯನ್ನು ಎರಡು ದಿನ ಹಿಡಿದುಕೊಂಡಿದ್ದರಂತೆ. ಇದನ್ನು ನರ್ಸ್ ಹೇಳಿದಳು. ಅವರು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಡಿಸ್ಚಾರ್ಜ್ ದಿನ ಲಿವರ್ ರಿಪೋರ್ಟ್ ಮುಂದಿಟ್ಟುಕೊಂಡು ಡಾಕ್ಟರಮ್ಮ ಗಟ್ಟಿಯಾಗಿಯೇ ಹೇಳಿದರು. "ಇನ್ನೊಂದು ಸಲ ಶುರು ಮಾಡಿದ್ರೆ ನನ್ನ ಕೈಲೂ ಆಗಲ್ಲ. ಮಾತ್ರೆ ಮೈಯಿಂದ ಬಿಡಿಸ್ತದೆ ಅಷ್ಟೇ. ತಲೆಯಿಂದ ಬಿಡಿಸೋಕೆ ಮೀಟಿಂಗ್‌ಗೆ ಹೋಗಿ. ಕುಡಿತ ಬಿಟ್ಟವರೇ ನಡೆಸ್ತಾರೆ. ನೀವೇ ಬಾಯಿ ಬಿಟ್ಟು ಹೇಳ್ಕೋಬೇಕು, ಅದೇ ಔಷಧಿ." ಒಂದು ಚೀಟಿಯಲ್ಲಿ ನಜರ್‌ಬಾದಿನ ಒಂದು ಹಳೆಯ ಕಟ್ಟಡದ ಗುರುತು ಬರೆದುಕೊಟ್ಟರು. ಗುರುವಾರ, ಸಂಜೆ ಆರು.

ಆ ಕಟ್ಟಡ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಹುಡುಕಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಬೋರ್ಡಿಲ್ಲ, ಬಾಣದ ಗುರುತಿಲ್ಲ. ಒಂದೇ ಬೀದಿಯಲ್ಲಿ ಮೂರು ಸುತ್ತು ಹೊಡೆದೆವು. ಕೇಳೋಣವೆಂದರೆ ಏನೆಂದು ಕೇಳುವುದು? ಕೊನೆಗೆ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ನನ್ನ ಗಂಡ ತಗ್ಗಿದ ದನಿಯಲ್ಲಿ ಅಂದರು. "ಇಲ್ಲಿ ಯಾವ್ದೋ ಮೀಟಿಂಗ್ ನಡೀತದಂತಲ್ಲಣ್ಣ..."

"ಕುಡುಕರ ಮೀಟಿಂಗಾ ಸಾರ್?" ಟೀಯವನು ಬೀದಿಗೆಲ್ಲ ಕೇಳಿಸುವಂತೆ ಕೇಳಿದ. "ಅಗೋ ಆ ಮೆಟ್ಲು ಅತ್ತಿ, ಮೇಲ್ಗಡೆ. ನಾಚ್ಕೋಬೇಡಿ ಸಾರ್, ಮನಸ್ಸು ಮಾಡಿದ್ದೀರಲ್ಲ, ಒಳ್ಳೇದಾಗ್ತದೆ." ಆಮೇಲೆ ನನ್ನ ಕಡೆ ತಿರುಗಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿದ.

ಮೇಲೆ ಒಂದು ಉದ್ದನೆಯ ಪಡಸಾಲೆ, ಎರಡು ಬಾಗಿಲು. ಬಿಳಿ ಷರ್ಟಿನ ಒಬ್ಬ ಮುದುಕರು ನಿಂತಿದ್ದರು. ಅಲ್ಲಿ ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. ನಮ್ಮನ್ನು ಕಂಡದ್ದೇ ನನ್ನ ಗಂಡನ ಎರಡೂ ಕೈ ಹಿಡಿದುಕೊಂಡರು. "ಬಾಪ್ಪ, ಬಾ. ಇಲ್ಲಿಗಂಟ ಬಂದೆಯಲ್ಲ, ಅರ್ಧ ಗೆದ್ದೆ." ನನಗೆ ಪಕ್ಕದ ಬಾಗಿಲು ತೋರಿಸಿದರು. "ಅವ್ವಾ, ಮನೆಯವರಿಗೆ ಪಕ್ಕದ ರೂಮು."

ನನ್ನ ಗಂಡ ಬಾಯಿ ತೆರೆದರು. ನಾನು ಅವರ ಮುಂಗೈ ಅದುಮಿದೆ.

ಅಷ್ಟೇ. ಒಂದು ಅದುಮು. ಅವರು ನನ್ನ ಮುಖ ನೋಡಿದರು, ಚಪ್ಪಲಿ ಬಿಟ್ಟು ಆ ರೂಮಿನೊಳಕ್ಕೆ ಹೋದರು. ನಾನು ಪಕ್ಕದ ರೂಮಿಗೆ ಹೋದೆ. ಅಲ್ಲಿ ಹನ್ನೊಂದು ಹೆಂಗಸರಿದ್ದರು, ಎಲ್ಲರೂ ಕುಡುಕರ ಹೆಂಡತಿಯರು. ಮಂಜುಳ ಎಂಬಾಕೆ ಜರುಗಿ ಜಾಗ ಕೊಟ್ಟಳು.

ಮೊದಲ ವಾರ ಕೇಳಿಸಿಕೊಂಡೆ. ಎರಡನೆಯ ವಾರ, ಈ ಹಾಳು ಬಾಯಿ ಸುಮ್ಮನಿರಬೇಕಲ್ಲ, ಮಾತಾಡಿದೆ. "ನಮ್ಮ ಮನೆಯವರು ಅರಿಷ್ಟದ ಬಾಟಲಿಯಲ್ಲಿ ಬ್ರಾಂದಿ ಬಚ್ಚಿಡ್ತಿದ್ದರು. ಅಂಗಡಿಯಲ್ಲಿ ಬಾಣಂತಿಗೆ ಅಂತ ಸುಳ್ಳು ಹೇಳ್ತಿದ್ದರು." ಹೆಂಗಸರೆಲ್ಲ ಕೆನ್ನೆಗೆ ಕೈ ಹಚ್ಚಿಕೊಂಡರು. "ಅಬ್ಬಬ್ಬ, ಎಂಥಾ ಚಾಲಾಕು ಕಣಮ್ಮ ನಿಮ್ಮ ಯಜಮಾನ್ರು!" ಮಂಜುಳ ನನ್ನ ಕೈ ಹಿಡಿದುಕೊಂಡು, "ಎಷ್ಟು ಸಹಿಸ್ಕೊಂಡಿದ್ದೀರ ಅಕ್ಕ" ಎಂದಳು. ನನಗೆ ಅಳು ಬಂತು. ನಿಜವಾದ ಅಳು. ಯಾರಿಗೆ ಸಿಗಬೇಕಾಗಿದ್ದ ಸಮಾಧಾನವನ್ನು ನಾನು ಮಡಿಲು ತುಂಬಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ ತುಂಬಿಸಿಕೊಂಡೆ.

ಆದರೆ ಆ ರೂಮು ನನ್ನನ್ನು ಪುಕ್ಕಟೆ ಬಿಡಲಿಲ್ಲ. ಒಂದು ವಾರ ಮಂಜುಳ ಹೇಳಿದಳು. ಗಂಡ ಮಧ್ಯಾಹ್ನ ಮಲಗಿದಾಗ ಮೂಗಿನ ಹತ್ತಿರ ಕೈ ಹಿಡಿದು ಉಸಿರಿದೆಯೋ ಇಲ್ಲವೋ ನೋಡುತ್ತಾಳಂತೆ, ದಿನಾ. ನನಗೆ ಭಾನುವಾರದ ಮಧ್ಯಾಹ್ನಗಳು ನೆನಪಾದವು. ಕಣ್ಣು ಬಿಟ್ಟರೆ ಮುಖದ ಮೇಲೆ ನನ್ನ ಗಂಡನ ಕೈ. ಏನ್ರೀ ಎಂದರೆ, "ಸೊಳ್ಳೆ ಕಣೆ, ಓಡಿಸ್ತಿದ್ದೆ" ಎನ್ನುತ್ತಿದ್ದರು. ಎಷ್ಟು ವರ್ಷದ ಸೊಳ್ಳೆ! ಹಾಗಾದರೆ ಇವರಿಗೂ ಏನೋ ಗೊತ್ತಿತ್ತು, ಏನೆಂದು ತಿಳಿದುಕೊಳ್ಳಲು ಹೆದರಿ ಸೊಳ್ಳೆ ಓಡಿಸುತ್ತ ಕೂತಿದ್ದರು. ಆ ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ನನ್ನ ಗಂಡನ ಬದುಕನ್ನೇ ನನಗೆ ಓದಿ ಹೇಳುತ್ತಿದ್ದರು, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳುತ್ತಿದ್ದೆ.

ನನ್ನ ಗಂಡ ಗಂಡಸರ ರೂಮಿನಲ್ಲಿ ಏನು ಮಾಡುತ್ತಿದ್ದರು? "ಹೊಸಬ್ರು ಮಾತಾಡ್ಲೇಬೇಕು ಅಂತೇನಿಲ್ಲವಂತೆ. ನಾನು ಕೇಳ್ತೀನಿ ಅಂತ ಹೇಳಿ ಕೂತ್ಕಂಡೆ" ಎಂದರು. ಸುಳ್ಳೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ವಾಪಸು ಬರುವಾಗ ಸ್ಕೂಟರಿನಲ್ಲಿ, ಯಾರ ಹೆಸರೂ ಎತ್ತದೆ, ಅವತ್ತು ಕೇಳಿದ್ದನ್ನು ನನಗೆ ದಾಟಿಸುತ್ತಿದ್ದರು. "ಹೊಟ್ಟೆ ಹಸಿದಿರಬಾರದಂತೆ ಪ್ರಮೀಳ, ಹಸಿವಾದಾಗಲೇ ಅದು ಕರೆಯೋದಂತೆ." "ಸಂಜೆ ಆರರಿಂದ ಏಳು ಹೆಂಗಾದ್ರೂ ದಾಟಿಸ್ಬೇಕಂತೆ." ಮರುದಿನದಿಂದಲೇ ಸಂಜೆ ಆರಕ್ಕೆ ಮುಂಚೆ ಉಪ್ಪಿಟ್ಟು ಕೆದಕಿ ಕೊಟ್ಟು, ನನ್ನನ್ನು ಎಬ್ಬಿಸಿಕೊಂಡು ವಾಕಿಂಗ್ ಹೊರಡುತ್ತಿದ್ದರು. ಪಿ.ಟಿ. ಮೇಷ್ಟ್ರಲ್ಲವೇ, ಬಡಾವಣೆಯ ರಸ್ತೆಯಲ್ಲಿ ಲೆಫ್ಟ್ ರೈಟ್. ಔಷಧಿ ಕುಡಿಯಬೇಕಾದವಳು ನಾನು, ಆ ಔಷಧಿ ಕುಡಿದು ಬಂದು ನನಗೆ ಬರೀ ವಾಸನೆ ತೋರಿಸುತ್ತಿದ್ದವರು ಅವರು. ಹಾಗೇ ಆರು ವಾರ ನಡೆಯಿತು. ನಾನು ಕುಡಿಯಲಿಲ್ಲ. ಇಷ್ಟೇ ಸಾಕು, ಹೀಗೇ ದಾಟಿಬಿಡಬಹುದು, ಬಾಯಿ ಬಿಡುವ ಗೋಜೇ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ದಸರಾ ಹತ್ತಿರ ಬಂತು.

ಬನ್ನಿಮಂಟಪದ ಪಂಜಿನ ಕವಾಯತಿಗೆ ಅವರ ಸ್ಕೂಲಿನ ಮಕ್ಕಳು ಹೋಗುತ್ತಾರೆ. ಹದಿನಾಲ್ಕು ವರ್ಷದಿಂದ ಆ ಡ್ರಿಲ್ ಕಲಿಸುವವರು ನನ್ನ ಗಂಡ. ಎರಡು ತಿಂಗಳು ಮೊದಲಿಂದಲೇ ಮನೆಯಲ್ಲಿ ಊಟದ ತಟ್ಟೆಯ ಪಕ್ಕ ಕಡಲೆಕಾಳು ಜೋಡಿಸಿಕೊಂಡು ಸಾಲು ಹೇಗೆ ತಿರುಗಬೇಕೆಂದು ನೋಡುತ್ತಿದ್ದರು. ವರ್ಷಕ್ಕೆ ಅವರಿಗಿರುವ ಹಬ್ಬ ಅದೊಂದೇ. ಈ ಸಲ ಕಡಲೆಕಾಳು ಕಾಣಲಿಲ್ಲ. ಸಂಜೆ ನಾಲ್ಕೂವರೆಗೇ ಮನೆಗೆ ಬರತೊಡಗಿದರು. ನನ್ನ ವಾಕಿಂಗಿಗೆ ಇರಬೇಕು ಎಂದುಕೊಂಡೆ. ದಿವ್ಯಳೇ ಹೇಳಿದ್ದು, ಒಂದು ಬೆಳಿಗ್ಗೆ, ದೋಸೆ ಮಗುಚುತ್ತ.

"ಅಪ್ಪನ್ನ ಡ್ರಿಲ್‌ನಿಂದ ತೆಗೆದ್ರು ಅಮ್ಮ. ಯಾವನೋ ಪೇರೆಂಟ್ ನಜರ್‌ಬಾದಲ್ಲಿ ಮೂರು ಗುರುವಾರ ನೋಡಿದ್ದಾನೆ, ಅಪ್ಪ ಆ ಮೆಟ್ಲು ಹತ್ತೋದನ್ನ. ಕುಡುಕ ಮೇಷ್ಟ್ರ ಕೈಗೆ ಮಕ್ಕಳನ್ನ ಕೊಡಲ್ಲ ಅಂತ ಗಲಾಟೆ ಮಾಡಿದ್ದಾರೆ. ಅಪ್ಪ ಏನೂ ಹೇಳಲಿಲ್ವಂತೆ. ಸುಮ್ಮನೆ ವಿಷಲ್ ತೆಗೆದು ಟೇಬಲ್ ಮೇಲಿಟ್ಟು ಬಂದ್ರಂತೆ."

ಮೂರು ವಾರವಾಗಿತ್ತಂತೆ ಆಗಲೇ.

ಅವರು ಸ್ನಾನ ಮುಗಿಸಿ ಬಂದದ್ದೇ ಹಿಡಿದುಕೊಂಡೆ. "ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡು ಬಂದ್ರಿ? ಕುಡಿಯೋಳು ನನ್ನ ಹೆಂಡ್ತಿ ಅನ್ನಬೇಕಿತ್ತು!"

"ಬುಡು. ಗಂಡಸು ಕುಡುದ್ರೆ ಜನ ನಾಕು ದಿನ ಆಡ್ಕಂಡು ಸುಮ್ನಾಯ್ತರೆ. ಹೆಂಗಸು ಅಂದ್ರೆ ಬುಡ್ತಾರಾ? ನಾಳೆ ದಿವ್ಯಂಗೆ ಗಂಡು ನೋಡ್ಬೇಕು."

"ನನಗೆ ಕರುಣೆ ತೋರಿಸ್ತಿದ್ದೀರಾ, ಇಲ್ಲಾ ಮಾನ ಮುಚ್ಚಿಕೊಳ್ತಿದ್ದೀರಾ?"

ಅವರು ಟವೆಲಿನಿಂದ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಅಂದರು. "ಮೊದಲ್ನೇ ಬಾಟ್ಲು ತಂದೋನು ನಾನೇ ಅಲ್ವೇನೆ."

ನಾನು ಕರಗಬೇಕಿತ್ತು. ಕರಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಮೂರು ವರ್ಷ ಕುಡಿದವಳು ನಾನು. ಫಿಟ್ಸ್ ಬಂದು ಬಿದ್ದವಳು ನಾನು. ಅದರ ತಪ್ಪನ್ನೂ ಇವರೇ ಹೊತ್ತುಕೊಂಡು ದೊಡ್ಡ ಮನುಷ್ಯರಾದರೆ ನನ್ನದೆಂದು ಏನು ಉಳಿಯಿತು? ಅಷ್ಟಕ್ಕೂ ಅವರಿಗೆ ಆ ರೂಮಿನ ದಾರಿ ಹಿಡಿಸಿದವಳು, ಮುಂಗೈ ಅದುಮಿದವಳು ನಾನೇ ಅಲ್ಲವೇ? ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಸೀರೆ ಬದಲಾಯಿಸಿ ನೇರ ಅವರ ಸ್ಕೂಲಿಗೆ ಹೋದೆ. ಹೆಡ್‌ಮಿಸ್ ನನಗೆ ಗುರುತಿದ್ದವರೇ, ಅವರ ಸೊಸೆಯ ಸೀರೆಗೆ ನಾನೇ ಕುಚ್ಚು ಕಟ್ಟಿದ್ದೆ. ಕೂತವಳೇ ಹೇಳಿದೆ. "ಮೇಡಂ, ನಮ್ಮ ಮನೆಯವರು ಒಂದು ತೊಟ್ಟೂ ಕುಡಿದವರಲ್ಲ. ಕುಡಿಯೋಳು ನಾನು. ಅವರು ನನ್ನನ್ನ ಕರ್ಕೊಂಡು ಹೋಗ್ತಿದ್ದದ್ದು."

ಅವರು ನನ್ನ ಹಣೆಯ ಕುಂಕುಮ ನೋಡಿದರು, ಮಡಿಸಿ ಪಿನ್ ಹಾಕಿದ ಸೆರಗು ನೋಡಿದರು. ಅವರ ಕಣ್ಣು ತುಂಬಿತು.

"ಪ್ರಮೀಳಾ ಅವರೇ, ಗಂಡನ ಮರ್ಯಾದೆ ಉಳಿಸೋಕೆ ಇಂಥ ಮಾತನ್ನ ನಿಮ್ಮ ಮೈಮೇಲೆ ಎಳ್ಕೊಳ್ತಿದ್ದೀರಲ್ಲ! ನಿಮ್ಮಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು. ಅವರಿಗೆ ಹೇಳಿ, ಪೂರ್ತಿ ಗುಣ ಆಗಲಿ, ಮುಂದಿನ ವರ್ಷ ನೋಡೋಣ."

"ನಿಜ ಹೇಳ್ತಿದ್ದೀನಿ ಮೇಡಂ. ಆಸ್ಪತ್ರೆ ಪೇಪರ್ ಇದೆ."

"ಆಯ್ತಮ್ಮ, ಆಯ್ತು" ಎಂದು ನನ್ನ ಕೈ ತಟ್ಟಿ ಕಾಫಿ ತರಿಸಿದರು. ಹೊರಗೆ ಮೈದಾನದಲ್ಲಿ ಡ್ರಾಯಿಂಗ್ ಮೇಷ್ಟ್ರು ವಿಷಲ್ ಊದುತ್ತಿದ್ದರು. ಸಾಲು ಸೊಟ್ಟಗಿತ್ತು.

ಜೀವಮಾನವಿಡೀ ಸುಳ್ಳು ಹೇಳಿದೆ, ಒಬ್ಬರೂ ಅನುಮಾನ ಪಡಲಿಲ್ಲ. ಒಂದು ನಿಜ ಹೇಳಿದೆ, ಪತಿವ್ರತೆ ಮಾಡಿ ಕಳಿಸಿದರು. ಅದೇ ಹೊಟ್ಟೆಯುರಿಯಲ್ಲಿ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿದೆ. ಬಾಣಂತಿಗೆ ಎಂದೆ. ಮನೆಗೆ ಬಂದು ಬಾಟಲಿಯ ಮುಚ್ಚಳ ತೆಗೆದೆ. ಮುಚ್ಚಳದಲ್ಲಿ ಅಳೆಯಲೂ ಇಲ್ಲ.

ಅವರು ಬಂದಾಗ ನಾನು ಮುಂದಿನ ಕೋಣೆಯ ನೆಲದ ಮೇಲಿದ್ದೆ. ಬೈಯಲಿಲ್ಲ. ಒಂದು ಮಾತಾದರೂ ಬೈದಿದ್ದರೆ! ನಿಂಬೆಹಣ್ಣಿನ ನೀರು ಮಾಡಿ ತಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ನನ್ನ ಮೂಗಿನ ಹತ್ತಿರ ಕೈ ಬಂತು. ಕಣ್ಣು ಮುಚ್ಚಿಕೊಂಡೇ ಅಂದೆ. "ಸೊಳ್ಳೆ ಇಲ್ಲ ಕಣ್ರೀ. ಉಸಿರಾಡ್ತಾ ಇದ್ದೀನಿ." ಆಗ ಅತ್ತರು ನನ್ನ ಗಂಡ. ಮದುವೆಯಾದಂದಿನಿಂದ ನಾನು ಅವರ ಅಳು ನೋಡಿರಲಿಲ್ಲ.

ಮಾರನೆಯ ದಿನ ನಾನೇ ಡಾಕ್ಟರಮ್ಮನ ಹತ್ತಿರ ಹೋಗಿ ಒಪ್ಪಿಸಿದೆ. ಮಾತ್ರೆ ಬದಲಾಯಿಸಿದರು. "ಮೀಟಿಂಗಲ್ಲಿ ಮಾತಾಡಿದ್ರಾ?" ಎಂದು ಕೇಳಿದರು. "ಮಾತಾಡಿದೆ, ಬೇರೆಯವರ ಬಾಯಲ್ಲಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎಲ್ಲ ಬಿಡಿಸಿ ಹೇಳಿದಾಗ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಮುಂದಿನ ಗುರುವಾರ ರೂಮ್ ಬದಲಾಯಿಸಿ" ಎಂದರು ಅಷ್ಟೇ.

ಆ ಗುರುವಾರ ಮೆಟ್ಟಿಲು ಹತ್ತಿದವಳು ಪಕ್ಕದ ರೂಮಿಗೆ ಹೋಗಲಿಲ್ಲ. ಗಂಡಸರ ರೂಮಿನ ಹೊಸಿಲು ದಾಟಿದೆ. ಒಳಗೆ ಇಪ್ಪತ್ತು ಗಂಡಸರು, ಇಪ್ಪತ್ತು ಸ್ಟೀಲ್ ಲೋಟ. ಯಾರೋ ಒಬ್ಬರು ಎದ್ದು, "ಅಕ್ಕ, ಲೇಡೀಸ್ ಪಕ್ಕದ..." ಎಂದರು.

"ಗೊತ್ತು. ಅಲ್ಲಿಂದಲೇ ಬಂದೆ. ನನ್ನ ಹೆಸರು ಪ್ರಮೀಳ. ಕುಡಿಯೋಳು ನಾನು. ಇಷ್ಟು ದಿನ ಇಲ್ಲಿ ಕೂತಿದ್ದ ನಮ್ಮ ಮನೆಯವರಿಗೆ ಬ್ರಾಂದಿ ಸಿಹಿಯೋ ಕಹಿಯೋ ಗೊತ್ತಿಲ್ಲ. ಕಳೆದ ವಾರ ಮತ್ತೆ ಕುಡಿದೆ. ಇವತ್ತಿಗೆ ಆರು ದಿನ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ನಂಬಿದರು. ನಾನು ಕುಡಿಯುವವಳೆಂದು ನಂಬುವ ಇಪ್ಪತ್ತು ಜನ ಒಂದೇ ಕಡೆ ಸಿಕ್ಕಿದ್ದರು, ಆ ಸಮಾಧಾನವನ್ನು ಹೇಗೆ ಹೇಳಲಿ! ದೊಡ್ಡಪ್ಪ ತಮ್ಮ ಪಕ್ಕದ ಕುರ್ಚಿ ಎಳೆದರು. "ಕೂತ್ಕಳವ್ವ. ನಿನ್ನ ಯಜಮಾನ ಕುಡಿಯೋನಲ್ಲ ಅಂತ ಎರಡ್ನೇ ವಾರವೇ ಗೊತ್ತಾಯ್ತು ನಂಗೆ. ಕುಡಿಯೋನ ಕಣ್ಣು ಬಾಗ್ಲು ಕಡೆಗಿರ್ತದೆ. ಅವನ ಕಣ್ಣು ಗೋಡೆ ಕಡೆಗಿತ್ತು, ಪಕ್ಕದ ರೂಮಿನ ಗೋಡೆಗೆ."

"ಮತ್ಯಾಕೆ ಹೇಳಲಿಲ್ಲ ದೊಡ್ಡಪ್ಪ?"

"ಅದನ್ನ ಹೇಳೋ ಕೆಲಸ ನಂದಲ್ವಲ್ಲವ್ವ."

ನನ್ನ ಗಂಡ ಪಡಸಾಲೆಯಲ್ಲೇ ನಿಂತಿದ್ದರು, ಎತ್ತ ಹೋಗಬೇಕೆಂದು ತಿಳಿಯದೆ. ಮಂಜುಳ ಹೊರಗೆ ಬಂದು ನೋಡಿದಳು. ನಾನು ಎದ್ದು ಬಂದು ಅವಳಿಗೆ ಅಲ್ಲೇ ಎಲ್ಲ ಹೇಳಿದೆ. ಮೊದಲು ಮುಖ ತಿರುಗಿಸಿದಳು, ಅದು ನ್ಯಾಯವೇ. ನಾನು ಅವಳ ಕನಿಕರವನ್ನು ಸುಳ್ಳು ಹೇಳಿ ತಿಂದಿದ್ದೆ. ಇವತ್ತಿಗೂ ನನ್ನ ಜೊತೆ ಅವಳದು ಎಷ್ಟು ಬೇಕೋ ಅಷ್ಟೇ ಮಾತು. ಆದರೆ ನನ್ನ ಗಂಡನಿಗೆ, "ಬನ್ನಿ ಅಣ್ಣ" ಎಂದು ಬಾಗಿಲು ತೆರೆದಳು. ಆ ರೂಮಿಗೆ ಹೋದ ಮೊದಲನೆಯ ಗಂಡಸು ಅವರು. ಅಲ್ಲಿ ಏನು ಹೇಳಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ವಾಪಸು ಬರುವಾಗ ನಾವೀಗ ಅದರ ಮಾತು ಆಡುವುದಿಲ್ಲ.

ವಿಜಯದಶಮಿ ಈ ಸಲ ಗುರುವಾರವೇ ಬಂತು. ಹಬ್ಬದ ದಿನ ಮೀಟಿಂಗ್ ತಪ್ಪಿಸುವುದಿಲ್ಲ, ಹಬ್ಬದ ದಿನವೇ ಕಷ್ಟ ಜಾಸ್ತಿ ಎನ್ನುತ್ತಾರೆ ದೊಡ್ಡಪ್ಪ. ಊರಿಗೆ ಊರೇ ಬನ್ನಿಮಂಟಪದ ಕಡೆ ಹೊರಟಿತ್ತು. ನನ್ನ ಗಂಡ ಬೆಳಿಗ್ಗೆಯಿಂದ ಸ್ಕೂಲಿನ ಮಾತೆತ್ತಿರಲಿಲ್ಲ. ಬಿಳಿ ಪ್ಯಾಂಟು, ಬಿಳಿ ಷರ್ಟು ಮಾತ್ರ ಹಾಕಿಕೊಂಡಿದ್ದರು, ಪ್ರತಿ ವರ್ಷ ಕವಾಯತಿಗೆ ಹಾಕುವಂಥದ್ದೇ. "ಮೀಟಿಂಗಿಗೆ ಈ ಬಟ್ಟೆ ಯಾಕ್ರೀ?" ಎಂದೆ. "ಇಸ್ತ್ರಿ ಆಗಿತ್ತು" ಎಂದರು.

ನಾವು ಹೋಗುವ ರಸ್ತೆಗೆ ಬ್ಯಾರಿಕೇಡ್ ಹಾಕಿದ್ದರು. ಪೊಲೀಸಿನವನು ಕೈ ಅಡ್ಡ ಹಿಡಿದ. "ಎಲ್ಲಿಗೆ ಸಾರ್? ಈ ಕಡೆ ಬಿಡಲ್ಲ."

"ಮೀಟಿಂಗ್ ಇದೆ. ಕುಡಿತ ಬಿಡೋರ ಮೀಟಿಂಗು" ಎಂದರು ನನ್ನ ಗಂಡ. ತಗ್ಗಿದ ದನಿಯಲ್ಲೇ.

ಅವನು ಅವರನ್ನು ಮೇಲಿಂದ ಕೆಳಗೆ ನೋಡಿದ. ಸುತ್ತ ನಿಂತಿದ್ದ ಹತ್ತಾರು ಜನವೂ ನೋಡಿದರು. "ಏನ್ ಸಾರ್ ನೀವು! ಇಡೀ ಊರು ಹಬ್ಬ ಮಾಡ್ತಾ ಇದ್ರೆ ಹೆಂಡ್ತಿನ ಇಂಥ ಕಡೆ ಎಳ್ಕೊಂಡು ತಿರುಗ್ತೀರಲ್ಲ. ಈಯಮ್ಮನ ಮುಖ ನೋಡಿಯಾದ್ರೂ ಬಿಡಬಾರ್ದಾ?"

ನನ್ನ ಗಂಡ ತಲೆ ತಗ್ಗಿಸಿ ಸುಮ್ಮನೆ ಕೇಳಿಸಿಕೊಂಡರು. ಅಭ್ಯಾಸವಾಗಿತ್ತು ಅವರಿಗೆ. ಹಿಂದೆ ಕೂತಿದ್ದ ನಾನು ಸ್ಕೂಟರಿನಿಂದ ಇಳಿದೆ.

"ಅವರಿಗಲ್ಲಪ್ಪ, ನನಗೆ" ಎಂದೆ. "ಮನೇಲಿ ಕುಡಿಯೋಳು ನಾನು."

ಗದ್ದಲದಲ್ಲೂ ಕೇಳಿಸುವಂತೆ ಹೇಳಿದೆ. ಹಿಂದಿನ ಬೈಕಿನಲ್ಲಿದ್ದ ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡಳು. ಯಾರೋ ಕಿಸಕ್ಕೆಂದರು. ನಗಲಿ. ನನ್ನ ಗಂಡ ತಿರುಗಿ ನೋಡಿದರು, ನಾನು ಈ ಸಲ ಅವರ ಮುಂಗೈ ಮುಟ್ಟಲಿಲ್ಲ. ಪೊಲೀಸಿನವನಿಗೆ ಏನೂ ತೋಚದೆ ಬ್ಯಾರಿಕೇಡನ್ನು ಒಂದು ಗಾಡಿ ಹೋಗುವಷ್ಟು ಎಳೆದ.

ನನ್ನ ಗಂಡ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಹತ್ತಿದ ಮೇಲೆ ಸ್ಕೂಟರು ಮುಂದಕ್ಕೆ ಹೋಯಿತು. ಅವತ್ತಿಗೆ ಹದಿಮೂರು ದಿನ.